ಸ್ಪೇನಿನ ಮೇಲ್ಮನವಿಯ ಶಬ್ದಗಳೂ ಇಂಗ್ಲಿಷಿನ ‘ಅಪೀಲೂ’

ಕೆಳಗಿನ ನ್ಯಾಯಸ್ಥಾನದ ತೀರ್ಪಿನಿಂದ ನೊಂದವನು ಮೇಲಿನ ನ್ಯಾಯಸ್ಥಾನವನ್ನು ಆಶ್ರಯಿಸುವ ಕ್ರಮಕ್ಕೆ ಸ್ಪೇನ್ ದೇಶದ ಭಾಷೆಯಲ್ಲಿ ಹಲವು ಹೆಸರುಗಳುಂಟು. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ಅಪೀಲ್’ ಎಂಬ ಒಂದೇ ಶಬ್ದವನ್ನು ಪ್ರಯೋಗಿಸುವ ವಾಡಿಕೆ ನಡೆದುಬಂದಿದೆ. ಈ ವಾಡಿಕೆಯು ನಿರಪಾಯವಾದುದಲ್ಲವೆಂಬುದಕ್ಕೆ ಫಿಲಿಪ್ಪೀನ್ ದ್ವೀಪಗಳ ಚರಿತ್ರೆಯಲ್ಲಿ ಸ್ಪಷ್ಟವಾದ ನಿದರ್ಶನವೊಂದು ದೊರೆಯುತ್ತದೆ.

ಈ ಹೆಸರುಗಳಲ್ಲಿ ಪ್ರಾಚೀನವಾದುದು ‘ಅಲ್ಸಾದ’. ಎತ್ತುವುದು ಎಂಬ ಅರ್ಥದ ಧಾತುವಿನಿಂದ ಇದು ಹುಟ್ಟಿದೆ. ಹದಿಮೂರನೆಯ ಶತಮಾನದಲ್ಲಿ ಹತ್ತನೆಯ ಅಲ್ಫೋನ್ಸೊ ರಾಜನು ರಚಿಸಿಸಿದ ‘ಸಿಯೆತೆ ಪಾರ್ತಿದಾಸ್’ ಎಂಬ ಧರ್ಮಸಂಹಿತೆಯ ಮೂರನೆಯ ಭಾಗದ 23ನೆಯ ಪ್ರಕರಣವು ಈ ಅಲ್ಸಾದಗಳನ್ನೇ ಕುರಿತುದು. ವ್ಯವಹಾರವನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಒಯ್ಯುವುದೆಂಬ ಭಾವವು ಕನ್ನಡದ ‘ಮೇಲ್ಮನವಿ’ಯಲ್ಲಿಯೂ ಇರುವುದರಿಂದ ಕನ್ನಡಿಗರಿಗೆ ಈ ಶಬ್ದವು ಸುಲಭವಾಗಿ ಗ್ರಾಹ್ಯವಾಗುತ್ತದೆ. ಲೂಯಿಸಿಯಾನದಲ್ಲಿ ಈ ಸಂಹಿತೆಯ ಹಲವು ವಿಧಿಗಳು ಆಚರಣೆಯಲ್ಲಿ ಉಳಿದಿದ್ದುದರಿಂದ, ಮೊರೋ ಲಿಸ್ಲೆ ಮತ್ತು ಕಾರ್ಲ್‌ಟನ್ ಎಂಬವರು 1820ರಲ್ಲಿ ಅವುಗಳನ್ನು ಇಂಗ್ಲಿಷಿಗೆ ಪರಿವರ್ತಿಸಿದರು. ಸಂಹಿತೆಯ ಏಳು ಭಾಗಗಳ ಪೂರ್ಣವಾದ ಇಂಗ್ಲಿಷ್ ಅನುವಾದವನ್ನು ಮಾಡಿದವನು ಸ್ಯಾಮ್ಯುಯೆಲ್ ಪಾರ್ಸನ್ಸ್ ಸ್ಕಾಟ್. ಅದು 1931ರಲ್ಲಿ ಪ್ರಕಟವಾಯಿತು.

ಎರಡನೆಯದು ‘ಸುಪ್ಲಿಕಾಸಿಯೋನ್’, ಎಂದರೆ ಬಿನ್ನಹ. ರಾಜನ ಹೆಸರಿನಲ್ಲಿಯೇ ತೀರ್ಪುಕೊಡುವ ಉನ್ನತ ನ್ಯಾಯಸ್ಥಾನದ ಮೇಲೆ ಮತ್ತೊಂದು ನ್ಯಾಯಸ್ಥಾನವಿಲ್ಲ; ಆದುದರಿಂದ ಅಲ್ಲಿ ಎತ್ತಿ ಒಯ್ಯುವ ಮಾತಿಗೆ ಅವಕಾಶವಿಲ್ಲ, ಬೇಡಿಕೊಳ್ಳುವುದಕ್ಕೆ ಮಾತ್ರ ಅವಕಾಶವುಂಟು. 1390ರಲ್ಲಿ ಸೆಗೋವಿಯಾದಲ್ಲಿ ವಿಧಿಸಿದ ಶಾಸನದಂತೆ ರಾಜನಲ್ಲಿ ಎರಡನೆಯ ಬಿನ್ನಹವನ್ನು ಮಾಡುವವನು 1500 ದೋಬ್ಲಾ ನಾಣ್ಯಗಳಿಗೆ ಹೊಣೆಕೊಡಬೇಕಾಗಿದ್ದಿತು. ಸೋತರೆ ಆ ಹಣವು ಅವನ ಕೈಬಿಡುತ್ತಿದ್ದಿತು. ಇಂತಹ ಬಿನ್ನಹವನ್ನು ‘ಅಪೀಲ್’ ಎಂದು ಕರೆದರೆ, ರಾಜಾಧಿಕಾರದ ಮುಂದೆ ತಲೆಬಾಗುವ ಭಾವವು ಅಳಿಸಿಹೋಗುತ್ತದೆ.

ಮೂರನೆಯದು ‘ಕಾಸಾಸಿಯೋನ್’. ಫ್ರಾನ್ಸಿನ ಪದ್ಧತಿಯ ಪ್ರಭಾವದಿಂದ ಬೆಳೆದ ಇದು 1855ರ ವ್ಯವಹಾರ ಪ್ರಕ್ರಿಯಾಶಾಸನದಲ್ಲಿ ನೆಲೆಗೊಂಡಿತು. ಇದರ ಅರ್ಥವು ರದ್ದುಪಡಿಸುವುದು. ಇಲ್ಲಿ ಸರ್ವೋನ್ನತ ನ್ಯಾಯಸ್ಥಾನವು ಸಂಗತಿಗಳನ್ನು ಮೊದಲಿನಿಂದ ವಿಚಾರಿಸುವುದಿಲ್ಲ. ಕೆಳಗಿನವರು ಶಾಸನವನ್ನು ಮೀರಿದರೇ, ಪ್ರಕ್ರಿಯೆಯ ಕ್ರಮವನ್ನು ಕೆಡಿಸಿದರೇ ಎಂಬುದನ್ನು ಪರೀಕ್ಷಿಸುತ್ತದೆ. ಇನ್ನು ‘ರೆಕುರ್ಸೊ’ ಎಂಬುದು ಈ ಎಲ್ಲ ಉಪಾಯಗಳಿಗೂ ಸಾಧಾರಣವಾದ ಹೆಸರು. ‘ಅಪೆಲಾಸಿಯೋನ್’ ಅವುಗಳಲ್ಲಿ ಒಂದು ಮಾತ್ರ. ಕುಲವಾಚಕಕ್ಕೂ ವ್ಯಕ್ತಿವಾಚಕಕ್ಕೂ ಒಂದೇ ಇಂಗ್ಲಿಷ್ ಪದವನ್ನಿಟ್ಟರೆ ಓದುವವನಿಗೆ ಭ್ರಮೆಯುಂಟಾಗುವುದು ಸಹಜ.

ಇತ್ತ ಇಂಗ್ಲಿಷಿನ ‘ಅಪೀಲ್’ ಕೂಡ ಏಕರೂಪವಾದ ಶಬ್ದವಲ್ಲ. ಪ್ರಾಚೀನ ಇಂಗ್ಲಿಷ್ ಧರ್ಮದಲ್ಲಿ ಕೊಲೆ ಮೊದಲಾದ ಘೋರಾಪರಾಧಗಳನ್ನು ಕುರಿತು ಖಾಸಗಿಯವರು ಹೂಡುವ ದೂರಿಗೂ ಇದೇ ಹೆಸರಿದ್ದಿತು. 1819ರಲ್ಲಿ ಆ ಪದ್ಧತಿಯನ್ನು ತೆಗೆದುಹಾಕಿದರು. ತೀರ್ಪಿನ ದೋಷವನ್ನು ತಿದ್ದಿಸಲು ಅಲ್ಲಿನ ಸಾಮಾನ್ಯಧರ್ಮದಲ್ಲಿದ್ದುದು ‘ರಿಟ್ ಆಫ್ ಎರರ್’; ಅದು ಶಾಸನದ ತಪ್ಪಿಗೆ ಮಾತ್ರ ಸೀಮಿತವಾದುದು. ಸಂಗತಿಯನ್ನೂ ಶಾಸನವನ್ನೂ ಒಟ್ಟಿಗೆ ಪುನರ್ವಿಚಾರಕ್ಕೆ ಒಳಪಡಿಸುವ ‘ಅಪೀಲ್’ ರೋಮನ್ ಧರ್ಮದ ಮೂಲದ್ದೆಂದು ಅಮೆರಿಕದ ಶ್ರೇಷ್ಠ ನ್ಯಾಯಾಧೀಶ ಎಲ್ಸ್‌ವರ್ತನು 1796ರಲ್ಲಿಯೇ ವಿವರಿಸಿದ್ದನು. ಆದುದರಿಂದ ರಿಟ್ ಆಫ್ ಎರರ್ ಕೆಲಮಟ್ಟಿಗೆ ಕಾಸಾಸಿಯೋನಿಗೂ, ಅಪೀಲ್ ಅಪೆಲಾಸಿಯೋನಿಗೂ ಸಮೀಪವಾದುವು. ಆದರೆ ಸಾಮೀಪ್ಯವು ತಾದಾತ್ಮ್ಯವಲ್ಲ.

ಈ ಭೇದದ ಫಲವು ಮನಿಲಾ ನಗರದಲ್ಲಿ ಪ್ರಕಟವಾಯಿತು. ಅಲ್ಲಿ 1583ರಲ್ಲಿ ಸ್ಪೇನಿನ ರಾಜನ ‘ಆವುದಿಯೆನ್ಸಿಯಾ’ ಎಂಬ ಉನ್ನತ ನ್ಯಾಯಸ್ಥಾನವು ಸ್ಥಾಪಿತವಾಗಿದ್ದಿತು. ಸ್ಪೇನಿನ ಆಡಳಿತದಲ್ಲಿ ಅಪರಾಧ ವಿಚಾರಣೆಯ ಮೊದಲ ತೀರ್ಪು ‘ಕೋನ್ಸುಲ್ತ’ ಎಂಬ ಪರಿಶೀಲನೆಗಾಗಿ ಅದರ ಮುಂದೆ ಹೋಗುತ್ತಿದ್ದಿತು. ಅಲ್ಲಿಯವರೆಗೆ ವಿಚಾರಣೆಯು ಮುಗಿಯಿತೆಂದು ಎಣಿಸುತ್ತಿರಲಿಲ್ಲ. 1898ರ ಪ್ಯಾರಿಸ್ ಸಂಧಿಯಿಂದ ದ್ವೀಪಗಳು ಅಮೆರಿಕದ ವಶವಾದುವು. 1900ನೆಯ ಏಪ್ರಿಲಿನಲ್ಲಿ ಹೊರಟ 58ನೆಯ ಸೇನಾಜ್ಞೆಯ 44ನೆಯ ವಿಧಿಯು ಉಭಯಪಕ್ಷಗಳಿಗೂ ಅಪೀಲಿನ ಹಕ್ಕನ್ನು ಕೊಟ್ಟಿತು. 1902ರ ಅಮೆರಿಕದ ಶಾಸನವಾದರೋ ಒಂದೇ ಅಪರಾಧಕ್ಕಾಗಿ ಯಾರನ್ನೂ ಎರಡು ಸಲ ಶಿಕ್ಷಾಭಯಕ್ಕೆ ಗುರಿಮಾಡಕೂಡದೆಂದು ವಿಧಿಸಿತು.

ಮನಿಲಾದ ವಕೀಲನಾದ ಕೆಪ್ನರ್ ಎಂಬವನ ಮೇಲೆ 1901ರಲ್ಲಿ ಹಣದ ದುರುಪಯೋಗದ ಆರೋಪ ಬಂದಿತು. ಮೊದಲ ನ್ಯಾಯಸ್ಥಾನವು ಅವನನ್ನು ಬಿಡುಗಡೆ ಮಾಡಿತು. ಸರ್ಕಾರವು ಅಪೀಲು ಮಾಡಲಾಗಿ, ದ್ವೀಪಗಳ ಸರ್ವೋನ್ನತ ನ್ಯಾಯಸ್ಥಾನವು ಅವನನ್ನು ಅಪರಾಧಿಯೆಂದು ನಿರ್ಣಯಿಸಿ 1 ವರ್ಷ 8 ತಿಂಗಳು 21 ದಿನಗಳ ಸೆರೆವಾಸವನ್ನು ವಿಧಿಸಿತು. ಸ್ಪೇನಿನ ಕ್ರಮವನ್ನು ಅನುಸರಿಸಿದರೆ ಇದು ಅದೇ ವಿಚಾರಣೆಯ ಮುಂದುವರಿಕೆ. ಇಂಗ್ಲಿಷ್ ಸಾಮಾನ್ಯಧರ್ಮವನ್ನು ಅನುಸರಿಸಿದರೆ ಎರಡನೆಯ ವಿಚಾರಣೆ. 1904ರಲ್ಲಿ ವಾಷಿಂಗ್ಟನ್ನಿನ ಸರ್ವೋನ್ನತ ನ್ಯಾಯಸ್ಥಾನವು, 1902ರ ಶಾಸನದ ಮಾತುಗಳನ್ನು ಅವು ಹುಟ್ಟಿದ ಅಮೆರಿಕದ ಸಂಪ್ರದಾಯದಂತೆಯೇ ಅರ್ಥೈಸಬೇಕೆಂದು ತೀರ್ಮಾನಿಸಿ ಆ ಶಿಕ್ಷೆಯನ್ನು ತಳ್ಳಿಹಾಕಿತು. ಬಹುಮತದ ತೀರ್ಪನ್ನು ಬರೆದವನು ನ್ಯಾಯಾಧೀಶ ಡೇ. ಒಂಬತ್ತು ಮಂದಿಯಲ್ಲಿ ನಾಲ್ವರು ಭಿನ್ನಾಭಿಪ್ರಾಯವನ್ನು ತಾಳಿದರು. ಒಂದೇ ವ್ಯಾಜ್ಯವು ಮುಗಿಯುವವರೆಗೆ ಇರುವ ಶಿಕ್ಷಾಭಯವು ಒಂದೇ ಎಂಬುದು ಅವರಲ್ಲೊಬ್ಬನಾದ ಹೋಮ್ಸನ ವಾದ.

ಫಿಲಿಪ್ಪೀನಿನಲ್ಲಿ ಬಿಡುಗಡೆಯ ತೀರ್ಪು ಅಂತಿಮವೆಂಬ ತತ್ತ್ವವು ಇಂದಿಗೂ ನಿಂತಿದೆ. ಭಾರತದಲ್ಲಾದರೋ 1898ರ ದಂಡಪ್ರಕ್ರಿಯಾ ಸಂಹಿತೆಯು ಬಿಡುಗಡೆಯ ಮೇಲೆ ಸರ್ಕಾರದ ಅಪೀಲಿಗೆ ಎಡೆಗೊಟ್ಟಿದ್ದಿತು. ಈಗಿನ ಶಾಸನವೂ ಎಡೆಗೊಡುತ್ತದೆ. ‘ಅಪೀಲ್’ ಎಂಬ ಒಂದೇ ಶಬ್ದವು ಒಂದೆಡೆ ಆರೋಪಿಯ ರಕ್ಷಣೆಗೆ ಮಾತ್ರ ಮೀಸಲಾಗಿ, ಮತ್ತೊಂದೆಡೆ ಸರ್ಕಾರದ ಆಯುಧವೂ ಆಗಿರುವುದು ಇದರಿಂದ ವಿದಿತವಾಗುತ್ತದೆ. ಧರ್ಮಶಾಸನದ ಅನುವಾದಕನು ಕೋಶದ ಸಮಾನಪದದಿಂದ ತೃಪ್ತನಾಗದೆ, ಯಾರು, ಯಾರಲ್ಲಿಗೆ, ಯಾವುದನ್ನು ಕುರಿತು, ಎಷ್ಟು ಸಲ ಹೋಗಬಹುದೆಂಬ ನಾಲ್ಕನ್ನೂ ವಿಚಾರಿಸಿ ಶಬ್ದವನ್ನು ಆರಿಸಬೇಕು. ಆ ವಿಚಾರಣೆಯು ತಪ್ಪಿದಲ್ಲಿ ಅದರ ಫಲವನ್ನು ಅನುಭವಿಸುವವನು ಅನುವಾದಕನಲ್ಲ, ಕಟಕಟೆಯಲ್ಲಿ ನಿಂತವನು.