ಪಾಪ್ಲರ್ ಪುರಸಭೆಯ ಚುನಾವಣೆ

ಚುನಾವಣೆಯ ಫಲಿತಾಂಶವೆಂಬುದು ಅಲ್ಪಾಯುಷಿ. ಅದನ್ನು ಕೇಳಲು ಇಂದಿನ ಸಂಜೆ ಜನ ಬಾಗಿಲಲ್ಲಿ ಕಿಕ್ಕಿರಿದು ನಿಲ್ಲುತ್ತಾರೆ. ನಾಳೆ ಬೆಳಿಗ್ಗೆ ಅದು ಪತ್ರಿಕೆಯ ಒಂದು ಮೂಲೆಯಲ್ಲಿ ಅಂಕಿಗಳಾಗಿ ಅಚ್ಚಾಗುತ್ತದೆ. ನಾಳಿದ್ದು ಆ ಪತ್ರಿಕೆ ದಿನಸಿಯಂಗಡಿಯ ಪೊಟ್ಟಣವಾಗುತ್ತದೆ. ಪಾರ್ಲಿಮೆಂಟಿನ ಚುನಾವಣೆಯಾದರೂ ಒಂದಿಷ್ಟು ದಿನ ಮಾತಿನಲ್ಲಿರುವುದುಂಟು. ಪುರಸಭೆಯ ಚುನಾವಣೆಗೆ ಆ ಭಾಗ್ಯವೂ ಇಲ್ಲ. ಚರಂಡಿ, ಬೀದಿದೀಪ, ಕಸದ ಗಾಡಿ ಇವುಗಳನ್ನು ನೋಡಿಕೊಳ್ಳತಕ್ಕ ಸಭೆಗೆ ಯಾರು ಬಂದರೇನು ಎಂದು, ವಿದ್ಯಾವಂತರೆನಿಸಿಕೊಂಡ ನಾವೇ ಮತ ಕೊಡಲು ಹೋಗದೆ ಮನೆಯಲ್ಲಿ ಉಳಿದುಬಿಡುತ್ತೇವೆ. ಈ ಉದಾಸೀನತೆ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ವಿಚಾರಿಸಲು, ಲಂಡನ್ ನಗರದ ಒಂದು ಬಡ ಭಾಗದಲ್ಲಿ 1919ನೆಯ ನವೆಂಬರ್ 1ರಂದು ನಡೆದ ಪುರಸಭೆಯ ಚುನಾವಣೆಯನ್ನೂ ಅದರಿಂದ ಹುಟ್ಟಿದ ಪರಿಣಾಮಗಳನ್ನೂ ಈ ಹೊತ್ತು ತಮ್ಮ ಮುಂದೆ ನಿವೇದಿಸುತ್ತೇನೆ.

ಲಂಡನ್ ಎಂಬುದು ಆಗ ಒಂದೇ ಪುರಸಭೆಯ ಆಡಳಿತಕ್ಕೆ ಒಳಪಟ್ಟ ಊರಾಗಿರಲಿಲ್ಲ. 1899ನೆಯ ಒಂದು ಶಾಸನದಿಂದ ಅದನ್ನು 28 ಮೆಟ್ರೊಪಾಲಿಟನ್ ಬರೋಗಳಾಗಿ ವಿಂಗಡಿಸಿದ್ದರು. ಒಂದೊಂದಕ್ಕೂ ಚುನಾಯಿತ ಸಭೆ, ಒಬ್ಬ ಮೇಯರ್, ತನ್ನದೇ ಆದ ಬೊಕ್ಕಸ. ನಗರದ ಪೂರ್ವದ ಅಂಚಿನಲ್ಲಿ, ಥೇಮ್ಸ್ ನದಿಯ ತಿರುವಿಗೆ ಅಂಟಿಕೊಂಡಿದ್ದ ಬರೋ ಪಾಪ್ಲರ್. ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳು ಬಂದು ತಂಗುತ್ತಿದ್ದ ಹಡಗುಕಟ್ಟೆ ಇದ್ದದ್ದು ಇಲ್ಲಿಯೇ. ನಮ್ಮ ದೇಶದ ಸರಕು ಇಳಿದು ಲಂಡನ್ನಿನ ಸಿರಿಯನ್ನು ಹೆಚ್ಚಿಸಿದ ಬಾಗಿಲು ಅದು. ಆದರೆ ಆ ಮೂಟೆಗಳನ್ನು ಹೊತ್ತವರ ಪಾಲಿಗೆ ಸಿರಿ ಬರಲಿಲ್ಲ. ಬೆಳಗಾದರೆ ಕಟ್ಟೆಯ ಬಾಗಿಲಲ್ಲಿ ನಿಲ್ಲುವುದು, ಮೇಸ್ತ್ರಿ ಕರೆದರೆ ಅರ್ಧ ದಿನದ ಕೂಲಿ, ಕರೆಯದಿದ್ದರೆ ಬರಿಗೈಯಲ್ಲಿ ಮನೆಗೆ ಮರಳುವುದು, ಇದು ಅಲ್ಲಿನ ಅನೇಕರ ನಿತ್ಯದ ಬಾಳಾಗಿತ್ತು. ಜನಸಂಖ್ಯೆ ಸುಮಾರು 1,60,000.

ಯುದ್ಧದ ಕಾರಣದಿಂದ ಲಂಡನ್ನಿನಲ್ಲಿ ಅನೇಕ ವರ್ಷ ಪುರಸಭೆಯ ಚುನಾವಣೆಗಳು ನಡೆದಿರಲಿಲ್ಲ. ಈ ನಡುವೆ 1918ರ ಶಾಸನದಿಂದ ಮತದಾರರ ಪಟ್ಟಿ ಬಹಳ ದೊಡ್ಡದಾಗಿತ್ತು. ಅದುವರೆಗೆ ಬಡವರ ಪರಿಹಾರದ ಹಣ ಪಡೆದವನಿಗೆ ಮತದ ಹಕ್ಕು ಇರಲಿಲ್ಲ. ಹಸಿವಿಗಾಗಿ ಕೈಯೊಡ್ಡಿದವನು ಪೌರನೆಂಬ ಹೆಸರನ್ನೇ ಕಳೆದುಕೊಳ್ಳುತ್ತಿದ್ದನು. ಆ ಕಟ್ಟು ಈಗ ತೆಗೆದುಹೋಯಿತು. ಮೂವತ್ತು ವರ್ಷ ಮೀರಿದ ಗೃಹಿಣಿಯರೂ ಸ್ಥಳೀಯ ಮತದಾರರ ಪಟ್ಟಿಯಲ್ಲಿ ಸೇರಿದರು. ಹೀಗೆ ನಡೆದ ಮೊದಲನೆಯ ಚುನಾವಣೆಯಲ್ಲಿ ಪಾಪ್ಲರಿನ 42 ಸ್ಥಾನಗಳಲ್ಲಿ 39 ಲೇಬರ್ ಪಕ್ಷಕ್ಕೆ ಬಂದುವು. ಉಳಿದವರಿಗೆ ಮೂರೇ ಮೂರು. ಲಂಡನ್ನಿನ ಇತರ ಹಲವು ಬರೋಗಳಲ್ಲಿಯೂ ಅದೇ ಗಾಳಿ ಬೀಸಿತು. ನೆರೆಯ ಸ್ಟೆಪ್ನಿಯಲ್ಲಿ ಲೇಬರ್ ಪಕ್ಷ ಗೆದ್ದು, ಯುದ್ಧದಿಂದ ಹಿಂದಿರುಗಿದ್ದ ಒಬ್ಬ ಮಿತಭಾಷಿಯನ್ನು ಮೇಯರ್ ಸ್ಥಾನಕ್ಕೆ ಕರೆಯಿತು. ಆತನ ಹೆಸರು ಕ್ಲೆಮೆಂಟ್ ಆಟ್ಲಿ. ಇಪ್ಪತ್ತೆಂಟು ವರ್ಷಗಳ ತರುವಾಯ, 1947ರಲ್ಲಿ, ಭಾರತದ ಸ್ವಾತಂತ್ರ್ಯದ ಶಾಸನವನ್ನು ಪಾರ್ಲಿಮೆಂಟಿನಲ್ಲಿ ಅಂಗೀಕಾರ ಮಾಡಿಸಿದ ಪ್ರಧಾನಮಂತ್ರಿ ಇವರೇ. ಪುರಸಭೆಯ ಮೆಟ್ಟಿಲಿನಿಂದ ಮೇಲೇರಿದವರು ಎಲ್ಲಿಗೆ ಮುಟ್ಟುವರೆಂಬುದನ್ನು ಮೊದಲ ದಿನವೇ ಯಾರು ಹೇಳಬಲ್ಲರು?

ಪಾಪ್ಲರಿನಲ್ಲಿ ಗೆದ್ದು ಬಂದವರಲ್ಲಿ ಹಡಗುಕಟ್ಟೆಯ ಕೂಲಿಗಳಿದ್ದರು, ರೈಲ್ವೆ ಕೆಲಸಗಾರರಿದ್ದರು. ಅವರ ಮುಂದಾಳು ಜಾರ್ಜ್ ಲ್ಯಾನ್ಸ್‌ಬರಿ, ಅರುವತ್ತು ವಯಸ್ಸಿನ ಹಿರಿಯ. ಸ್ತ್ರೀಯರಿಗೆ ಮತದ ಹಕ್ಕು ಬೇಕೆಂಬ ಒಂದೇ ಪ್ರಶ್ನೆಗಾಗಿ 1912ರಲ್ಲಿ ಪಾರ್ಲಿಮೆಂಟಿನ ಸ್ಥಾನವನ್ನು ಬಿಟ್ಟುಕೊಟ್ಟು, ಮತ್ತೆ ನಿಂತು, ಸೋತವರು. ಅವರೇ ಪಾಪ್ಲರಿನ ಮೊದಲ ಲೇಬರ್ ಮೇಯರಾದರು. ಹೊಸ ಸಭೆ ಕೆಲಸಕ್ಕೆ ಕೈ ಹಾಕಿತು. ಮನೆಗಳನ್ನು ಕಟ್ಟಿಸುವುದು, ಕ್ಷಯರೋಗಿಗಳ ಚಿಕಿತ್ಸೆ, ತಾಯಿ ಮಕ್ಕಳ ಆರೈಕೆ, ವಾಚನಾಲಯಗಳು, ಇವೆಲ್ಲ ಆರಂಭವಾದುವು. 1920ರಲ್ಲಿ ಪುರಸಭೆಯ ಕೆಲಸಗಾರರಿಗೆ ವಾರಕ್ಕೆ ಕನಿಷ್ಠ 4 ಪೌಂಡಿನ ಕೂಲಿಯನ್ನು ಗೊತ್ತುಮಾಡಿ, ಅದು ಗಂಡಸರಿಗೂ ಹೆಂಗಸರಿಗೂ ಒಂದೇ ಎಂದು ಸಾರಿದರು. ಆ ಕಾಲಕ್ಕೆ ಇದು ಕಿವಿಗೆ ಹೊಸದಾದ ಮಾತು.

ಇಷ್ಟಕ್ಕೇ ನಿಂತಿದ್ದರೆ ಪಾಪ್ಲರಿನ ಹೆಸರು ಪಾಪ್ಲರಿನಲ್ಲಿಯೇ ಉಳಿಯುತ್ತಿತ್ತು. ಅದನ್ನು ದೇಶದ ಪ್ರಶ್ನೆಯನ್ನಾಗಿ ಮಾಡಿದ್ದು ನಿರುದ್ಯೋಗ. 1920ರ ಕೊನೆಯ ಹೊತ್ತಿಗೆ ವ್ಯಾಪಾರ ಕುಗ್ಗಿತು, ಹಡಗುಕಟ್ಟೆಗಳಲ್ಲಿ ಕೆಲಸವಿಲ್ಲದಾಯಿತು. ಕೆಲಸವಿಲ್ಲದವರ ಮನೆಗೆ ಅನ್ನ ಒದಗಿಸತಕ್ಕ ಭಾರ ಇಂಗ್ಲೆಂಡಿನ ಹಳೆಯ ಬಡವರ ಕಾನೂನಿನ ಮೇರೆಗೆ ಬಹುಪಾಲು ಆಯಾ ಸ್ಥಳದ ತೆರಿಗೆದಾರರದು. ಇಲ್ಲಿ ಲೆಕ್ಕವನ್ನು ತುಸು ಗಮನಿಸಬೇಕು. ಊಹೆಗಾಗಿ ಎರಡು ಊರುಗಳನ್ನು ತೆಗೆದುಕೊಳ್ಳೋಣ. ಒಂದರಲ್ಲಿ ಮನೆಮಠಗಳ ಬೆಲೆ 60 ಲಕ್ಷ, ಸಲಹಬೇಕಾದ ಬಡ ಕುಟುಂಬಗಳು 100. ಇನ್ನೊಂದರಲ್ಲಿ ಬೆಲೆ 10 ಲಕ್ಷ, ಬಡ ಕುಟುಂಬಗಳು 1,000. ಒಂದೊಂದು ಕುಟುಂಬಕ್ಕೂ ಒಂದೇ ಸಮನಾದ ಅನ್ನ ಹಾಕಬೇಕಾದರೆ, ಎರಡನೆಯ ಊರಿನವರು ಮೊದಲನೆಯವರಿಗಿಂತ 60 ಪಟ್ಟು ಹೆಚ್ಚಿನ ದರದಲ್ಲಿ ತೆರಿಗೆ ತೆರಬೇಕಾಗುತ್ತದೆ. ಎಂದರೆ, ಬಡವರನ್ನು ಬಡವರೇ ಸಲಹತಕ್ಕದ್ದು. ಸಿರಿವಂತರ ಬೀದಿಯಲ್ಲಿ ಬಡವರಿಲ್ಲವಾದ್ದರಿಂದ ಸಿರಿವಂತರು ಏನೂ ಕೊಡಬೇಕಾದ್ದಿಲ್ಲ! ನಗರದ ಪಶ್ಚಿಮದ ವೆಸ್ಟ್‌ಮಿನ್‌ಸ್ಟರಿಗೂ ಪೂರ್ವದ ಪಾಪ್ಲರಿಗೂ ಇದ್ದ ಸಂಬಂಧ ಈ ಬಗೆಯದು. ಲಂಡನ್ ಒಂದೇ ಊರು ಎಂದು ಎಲ್ಲರೂ ಹೇಳುತ್ತಿದ್ದರು. ಹಸಿವಿನ ಖರ್ಚು ಬಂದಾಗ ಮಾತ್ರ ಅದು 28 ಊರು.

ಪಾಪ್ಲರ್ ಸಭೆಯ ಮುಂದೆ ಎರಡು ದಾರಿಗಳಿದ್ದುವು: ಹಸಿದವರ ಅನ್ನವನ್ನು ಕಡಮೆ ಮಾಡುವುದು, ಇಲ್ಲವೆ ತೆರಲಾರದವರ ಮೇಲೆ ಇನ್ನಷ್ಟು ತೆರಿಗೆ ಹೇರುವುದು. 1921ನೆಯ ಮಾರ್ಚ್ ತಿಂಗಳಲ್ಲಿ ಅವರು ಮೂರನೆಯ ದಾರಿಯೊಂದನ್ನು ಹಿಡಿದರು. ಪ್ರತಿಯೊಂದು ಬರೋ ತನ್ನ ತೆರಿಗೆಯ ಜೊತೆಗೆ ಇಡೀ ನಗರದ ನಾಲ್ಕು ಸಂಸ್ಥೆಗಳಿಗಾಗಿ ಹಣವನ್ನು ವಸೂಲು ಮಾಡಿ ಕಳುಹಿಸಬೇಕಾಗಿತ್ತು: ಲಂಡನ್ ಕೌಂಟಿ ಸಭೆ, ಪೊಲೀಸು, ನೀರಿನ ಮಂಡಳಿ, ಆಸ್ಪತ್ರೆಗಳನ್ನು ನಡೆಸುತ್ತಿದ್ದ ಅಸೈಲಮ್ಸ್ ಮಂಡಳಿ. ಈ ನಾಲ್ಕರ ಹಣವನ್ನು ನಾವು ವಸೂಲು ಮಾಡುವುದಿಲ್ಲ ಎಂದು ಸಭೆ ಗೊತ್ತುವಳಿ ಮಾಡಿತು. ಬಡವರ ಭಾರವನ್ನು ಲಂಡನ್ನೆಲ್ಲ ಹಂಚಿಕೊಳ್ಳುವವರೆಗೆ ಲಂಡನ್ನಿನ ಪಾಲನ್ನು ಪಾಪ್ಲರ್ ಕೊಡುವುದಿಲ್ಲವೆಂಬುದು ಇದರ ತಾತ್ಪರ್ಯ. ಇದು ಕಾನೂನಿಗೆ ವಿರುದ್ಧವೆಂಬುದು ಅವರಿಗೆ ತಿಳಿಯದ ವಿಷಯವಲ್ಲ. ತಿಳಿದೇ ಮಾಡಿದರು.

ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 1921ನೆಯ ಜುಲೈ 29ರಂದು ಸದಸ್ಯರು ಪಾಪ್ಲರಿನಿಂದ ಹೈಕೋರ್ಟಿನವರೆಗೆ ನಡೆದುಕೊಂಡೇ ಹೊರಟರು. ಮುಂದೆ ಪುರಸಭೆಯ ದಂಡಧಾರಿ; ಆ ವರ್ಷದ ಮೇಯರ್ ಸ್ಯಾಮ್ ಮಾರ್ಚ್ ಅವರ ಕೊರಳಲ್ಲಿ ಅಧಿಕಾರದ ಸರ; ಹಿಂದೆ ಊರಿನ ಜನ. ಪುರಸಭೆಯು ಹೈಕೋರ್ಟಿಗೂ ಬಹುಶಃ ಸೆರೆಮನೆಗೂ ನಡೆದಿದೆ ಎಂಬ ಬರೆಹವನ್ನು ಹೊತ್ತ ಧ್ವಜಪಟವೊಂದು ಅವರೊಡನೆ ಸಾಗಿತು. ನ್ಯಾಯಾಲಯ ಹಣ ಕೊಡಬೇಕೆಂದು ಆಜ್ಞೆ ಮಾಡಿತು. ಸದಸ್ಯರು ಕೊಡಲಿಲ್ಲ. ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಮೂವತ್ತು ಮಂದಿಯನ್ನು ಹಿಡಿದು ಸೆರೆಗೆ ಒಯ್ದರು: ಇಪ್ಪತ್ತೈದು ಗಂಡಸರು ಬ್ರಿಕ್ಸ್‌ಟನ್ ಸೆರೆಮನೆಗೆ, ಐವರು ಸ್ತ್ರೀಯರು ಹಾಲೊವೇ ಸೆರೆಮನೆಗೆ. ಆ ಐವರಲ್ಲಿ ಒಬ್ಬರಾದ ನೆಲಿ ಕ್ರೆಸಲ್ ಆಗ ಗರ್ಭಿಣಿ. ಗರ್ಭಿಣಿಯನ್ನು ಸೆರೆಯಲ್ಲಿಟ್ಟ ಅಪಕೀರ್ತಿಗೆ ಅಂಜಿ ಸರ್ಕಾರ ಆಕೆಯನ್ನು ಉಳಿದವರಿಗಿಂತ ಮೊದಲೇ ಬಿಡಬೇಕಾಯಿತು.

ಆಮೇಲೆ ನಡೆದದ್ದು ಆಡಳಿತದ ಚರಿತ್ರೆಯಲ್ಲಿ ಅಪೂರ್ವವಾದ ಸಂಗತಿ. ಸದಸ್ಯರು ಸೆರೆಯಲ್ಲಿದ್ದರೂ ಪುರಸಭೆಯ ಕೆಲಸ ನಿಲ್ಲುವಂತಿರಲಿಲ್ಲ. ಕೊನೆಗೆ ಬ್ರಿಕ್ಸ್‌ಟನ್ ಸೆರೆಮನೆಯೊಳಗೇ ಪುರಸಭೆಯ ಅಧಿವೇಶನಗಳು ಕೂಡಿದುವು. ಹಾಲೊವೇಯಿಂದ ಸ್ತ್ರೀ ಸದಸ್ಯರನ್ನು ಮೋಟಾರಿನಲ್ಲಿ ಅಲ್ಲಿಗೆ ಕರೆತಂದರು. ನೆರೆಯ ಸ್ಟೆಪ್ನಿ, ಬೆತ್ನಲ್ ಗ್ರೀನ್ ಬರೋಗಳು ತಾವೂ ಪಾಪ್ಲರಿನ ದಾರಿಯನ್ನೇ ಹಿಡಿಯುವುದಾಗಿ ನಿರ್ಣಯಿಸಿದುವು. ಒಂದು ಪುರಸಭೆಯನ್ನು ಸೆರೆಯಲ್ಲಿಡಬಹುದು. ಪೂರ್ವ ಲಂಡನ್ನನ್ನೆಲ್ಲ ಇಡುವುದು ಹೇಗೆ? ಅಕ್ಟೋಬರ್ 12ರಂದು ಎಲ್ಲರ ಬಿಡುಗಡೆಯಾಯಿತು. ಅದೇ ವರ್ಷ ಪಾರ್ಲಿಮೆಂಟು ಅವಸರದಿಂದ ಒಂದು ಶಾಸನವನ್ನು ಮಾಡಿ, ಬಡವರ ಪರಿಹಾರದ ಖರ್ಚಿನ ಹೆಚ್ಚಿನ ಭಾಗವನ್ನು ಲಂಡನ್ನಿನ ಎಲ್ಲ ಬರೋಗಳ ಮೇಲೆ ಹಂಚಿತು. ಬಡವನ ಕೋಪ ದವಡೆಗೆ ಮೂಲವೆಂದು ನಮ್ಮಲ್ಲಿ ಗಾದೆಯುಂಟು. ಒಬ್ಬ ಬಡವನ ವಿಷಯದಲ್ಲಿ ಅದು ಸತ್ಯವಾದ ಮಾತೇ. ಆದರೆ ಆ ಕೋಪ ಮತಪತ್ರದ ಮೂಲಕ ಒಂದು ಸಭೆಯಾಗಿ ಕೂಡಿದಾಗ ಗಾದೆಯನ್ನು ತುಸು ತಿದ್ದಿಕೊಳ್ಳಬೇಕಾಗುತ್ತದೆ.

ಈ ಜಯಕ್ಕೆ ತೆತ್ತ ಬೆಲೆಯನ್ನು ಮರೆಯಬಾರದು. ಸೆರೆಗೆ ಹೋಗಿದ್ದ ಸ್ತ್ರೀಯರಲ್ಲಿ ಒಬ್ಬರು ಮಿನಿ ಲ್ಯಾನ್ಸ್‌ಬರಿ; ಉಪಾಧ್ಯಾಯಿನಿಯಾಗಿದ್ದವರು, ಜಾರ್ಜ್ ಲ್ಯಾನ್ಸ್‌ಬರಿಯವರ ಸೊಸೆ. ಬಿಡುಗಡೆಯಾಗಿ ಮೂರು ತಿಂಗಳೂ ತುಂಬುವ ಮೊದಲೇ, 1922ನೆಯ ಜನವರಿ 1ರಂದು, ನ್ಯುಮೋನಿಯಾದಿಂದ ತೀರಿಕೊಂಡರು. ವಯಸ್ಸು ಮೂವತ್ತೆರಡು. ಬೋ ರಸ್ತೆಯಲ್ಲಿ ಅವರ ನೆನಪಿಗಾಗಿ ಒಂದು ಗಡಿಯಾರವನ್ನು ಇಟ್ಟಿದ್ದಾರೆ.

ಪಾಪ್ಲರಿನವರು ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಸಹಜವಾದದ್ದು. ಅವರ ಪಕ್ಷದಲ್ಲಿಯೇ ಇದನ್ನು ಒಪ್ಪದವರಿದ್ದರು. ಲಂಡನ್ ಲೇಬರ್ ಪಕ್ಷದ ಕಾರ್ಯದರ್ಶಿ ಹರ್ಬರ್ಟ್ ಮಾರಿಸನ್ ಅಂಥವರಲ್ಲಿ ಪ್ರಮುಖರು. ಇಂದು ನಾವು ಒಳ್ಳೆಯದಕ್ಕಾಗಿ ಕಾನೂನನ್ನು ಮುರಿದರೆ, ನಾಳೆ ನಮ್ಮ ವಿರೋಧಿಗಳು ಕೆಟ್ಟದ್ದಕ್ಕಾಗಿ ಮುರಿದಾಗ ಯಾವ ಬಾಯಿಂದ ಬೇಡವೆನ್ನುವುದು? ಈ ಆಕ್ಷೇಪ ಲಘುವಾದದ್ದಲ್ಲ. 1925ರಲ್ಲಿ ಲಾರ್ಡರ ಸಭೆಯ ನ್ಯಾಯಾಧೀಶರು ಪಾಪ್ಲರಿನ 4 ಪೌಂಡಿನ ಕೂಲಿಯ ಪ್ರಕರಣದಲ್ಲಿ ಪುರಸಭೆಗೆ ವಿರುದ್ಧವಾಗಿ ತೀರ್ಪು ಕೊಟ್ಟರು. ಬೆಲೆಗಳು ಇಳಿದ ಮೇಲೂ ಕೂಲಿಯನ್ನು ಇಳಿಸದೆ ಉಳಿಸಿದ್ದು ಯುಕ್ತಿಗೆ ಮೀರಿದ್ದು, ಜನ ಮತ ಕೊಟ್ಟರೆಂಬ ಮಾತ್ರಕ್ಕೆ ಸಾರ್ವಜನಿಕ ಹಣವನ್ನು ಮನಬಂದಂತೆ ವೆಚ್ಚ ಮಾಡಲು ಬಾರದು ಎಂಬುದು ಅದರ ಸಾರ. ಮತದಾರನ ಆಜ್ಞೆ ಎಲ್ಲಿಯವರೆಗೆ, ಕಾನೂನಿನ ಆಜ್ಞೆ ಎಲ್ಲಿಂದ ಎಂಬ ವಿವಾದದಲ್ಲಿ ಇಂಗ್ಲೆಂಡಿನ ವಕೀಲರು ಬಹುಕಾಲ ಉದಾಹರಿಸಿದ ತೀರ್ಪು ಇದು. ನನಗೆ ತೋರುವುದಿಷ್ಟು: ಪಾಪ್ಲರಿನವರು ಕಾನೂನನ್ನು ಕದ್ದು ಮುರಿಯಲಿಲ್ಲ, ಹಗಲಿನಲ್ಲಿ, ಬೀದಿಯಲ್ಲಿ ಮೆರವಣಿಗೆ ಹೊರಟು ಮುರಿದರು, ಅದಕ್ಕೆ ಗೊತ್ತಾದ ದಂಡನೆಯನ್ನು ತಲೆಬಾಗಿ ಅನುಭವಿಸಿದರು. ಕಾನೂನಿನ ಗೌರವಕ್ಕೆ ಇದರಿಂದ ಕುಂದು ಬಂದಿತೋ ಅಥವಾ ಕುಂದಿದ್ದ ಕಾನೂನು ಇದರಿಂದ ನೇರವಾಯಿತೋ ಎಂಬುದನ್ನು ಶ್ರೋತೃಗಳು ತಾವೇ ತೂಗಿ ನೋಡಬಹುದು.

ಇನ್ನು ಪಾಪ್ಲರಿನ ಮತದಾರರು ಏನೆಂದರು? 1922ರ ಚುನಾವಣೆಯಲ್ಲಿ ಲಂಡನ್ನಿನಲ್ಲೆಲ್ಲ ಲೇಬರ್ ಪಕ್ಷಕ್ಕೆ ಭಾರಿ ಸೋಲಾಯಿತು. ಆದರೆ ಪಾಪ್ಲರಿನಲ್ಲಿ ಜನ ಅದೇ ಪಕ್ಷಕ್ಕೆ ಮತ್ತೆ ಬಹುಮತ ಕೊಟ್ಟರು. ಸೆರೆಮನೆಗೆ ಹೋಗಿದ್ದ ನೆಲಿ ಕ್ರೆಸಲ್ 1943ರಲ್ಲಿ ಆ ಊರಿನ ಮೇಯರ್ ಆದರು. ಜಾರ್ಜ್ ಲ್ಯಾನ್ಸ್‌ಬರಿ 1932ರಿಂದ 1935ರವರೆಗೆ ಇಡೀ ದೇಶದ ಲೇಬರ್ ಪಕ್ಷದ ನಾಯಕರಾಗಿದ್ದರು.

ನಮಗೂ ಪಾಪ್ಲರಿಗೂ ಇನ್ನೊಂದು ನಂಟು ಉಂಟು. 1931ರಲ್ಲಿ ಎರಡನೆಯ ದುಂಡುಮೇಜಿನ ಪರಿಷತ್ತು ಲಂಡನ್ನಿನಲ್ಲಿ ಕೂಡಿತು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರೂ ಅದಕ್ಕೆ ಹೋಗಿದ್ದರು. ಗಾಂಧೀಜಿ ಅಲ್ಲಿದ್ದಷ್ಟು ದಿನವೂ ದೊಡ್ಡ ಹೋಟೆಲುಗಳನ್ನು ಒಲ್ಲದೆ, ಕೆಲಸಗಾರರ ಕೇರಿಯೊಂದರ ಕಿಂಗ್ಸ್‌ಲಿ ಹಾಲ್ ಎಂಬ ಸೇವಾಗೃಹದಲ್ಲಿ ಇಳಿದುಕೊಂಡರು. ಆ ಮನೆ ಇದ್ದದ್ದು ಬೋ ಎಂಬಲ್ಲಿ, ಎಂದರೆ ಪಾಪ್ಲರ್ ಬರೋದ ಎಲ್ಲೆಯೊಳಗೆ. ಅದನ್ನು ನಡೆಸುತ್ತಿದ್ದ ಮ್ಯೂರಿಯಲ್ ಲೆಸ್ಟರ್ ಅವರು 1922ರಿಂದ 1926ರವರೆಗೆ ಪಾಪ್ಲರ್ ಪುರಸಭೆಯ ಆಲ್ಡರ್‌ಮನ್ ಆಗಿದ್ದವರು. ನ್ಯಾಯಕ್ಕಾಗಿ ತಾನೇ ಸೆರೆಯನ್ನು ವರಿಸುವುದೆಂದರೇನೆಂಬುದನ್ನು ಆ ಬೀದಿಗಳ ಜನ ಅತಿಥಿಯಿಂದ ಹೊಸದಾಗಿ ಕೇಳಿ ತಿಳಿಯಬೇಕಾಗಿರಲಿಲ್ಲ. ಹತ್ತು ವರ್ಷ ಮುಂಚೆಯೇ ತಮ್ಮ ನೆರೆಹೊರೆಯವರು ಅದನ್ನು ಮಾಡಿದ್ದನ್ನು ಕಂಡಿದ್ದರು.

ಪಾಪ್ಲರ್ ಬರೋ ಇಂದು ಇಲ್ಲ. 1965ರಲ್ಲಿ ಸ್ಟೆಪ್ನಿ, ಬೆತ್ನಲ್ ಗ್ರೀನ್‌ಗಳೊಡನೆ ಸೇರಿ ಅದು ಟವರ್ ಹ್ಯಾಮ್ಲೆಟ್ಸ್ ಎಂಬ ಹೊಸ ಬರೋ ಆಯಿತು. ಹಡಗುಕಟ್ಟೆಗಳು ಮುಚ್ಚಿದುವು, ಕೂಲಿಗಳು ಮೂಟೆ ಹೊತ್ತ ವೆಸ್ಟ್ ಇಂಡಿಯಾ ಕಟ್ಟೆಯ ಜಾಗದಲ್ಲಿ ಬ್ಯಾಂಕುಗಳ ಮುಗಿಲೆತ್ತರದ ಕಟ್ಟಡಗಳು ನಿಂತಿವೆ. ಉಳಿದಿರುವುದು ಇಂಗ್ಲಿಷ್ ನಿಘಂಟಿನಲ್ಲಿ ಆ ಊರಿನ ಹೆಸರಿನಿಂದ ಹುಟ್ಟಿದ ಪಾಪ್ಲರಿಸಂ ಎಂಬ ಒಂದು ಶಬ್ದ, ಬೋ ರಸ್ತೆಯ ಒಂದು ಗಡಿಯಾರ. ಅಂದು ಮತಗಟ್ಟೆಗೆ ಹೋದ ಹೆಂಗಸರಲ್ಲಿ ಅನೇಕರಿಗೆ ಅದು ಜೀವಮಾನದ ಮೊದಲ ಪುರಸಭೆಯ ಮತ. ಒಂದು ಮತದಿಂದ ಏನಾದೀತು ಎಂದು ಅವರೂ ಮನೆಯಲ್ಲಿ ಉಳಿಯಬಹುದಾಗಿತ್ತು. ಅವರು ಉಳಿಯಲಿಲ್ಲ. ನಮ್ಮ ಬೀದಿಯ ಶಾಲೆಯಲ್ಲಿ ಮುಂದಿನ ಸಲ ಮತಪೆಟ್ಟಿಗೆಯನ್ನು ಇಟ್ಟಾಗ ಇಷ್ಟನ್ನು ನೆನೆದರೆ ಸಾಕು.