ಕೌಡೂರಿನ ಹೆಗ್ಡೆಯವರು

ಕಾರ್ಕಳದ ಕೋರ್ಟಿನಲ್ಲಿ ವಕೀಲಿ ಮಾಡುತ್ತಲೇ ನನ್ನ ತಲೆ ನೆರೆಯಿತು. ರಾಜಕೀಯದಿಂದ ಬಂದವರು ನ್ಯಾಯಪೀಠ ಏರಿದರೆ ಪಕ್ಷದ ಋಣ ತೀರಿಸದೆ ಬಿಡುವುದಿಲ್ಲ ಎಂದು ಯಾರಾದರೂ ಬಾರ್ ರೂಮಿನಲ್ಲಿ ವಾದ ತೆಗೆದರೆ, ನಾನು ಕೌಡೂರು ಸದಾನಂದ ಹೆಗ್ಡೆಯವರ ಹೆಸರೆತ್ತುತ್ತೇನೆ.

1909ರಲ್ಲಿ ನಮ್ಮ ತಾಲೂಕಿನ ಕೌಡೂರಿನಲ್ಲಿ ಹುಟ್ಟಿದವರು. ಮದ್ರಾಸಿನಲ್ಲಿ ಕಾನೂನು ಓದಿ, ವಕೀಲರಾಗಿ, ಪಬ್ಲಿಕ್ ಪ್ರಾಸಿಕ್ಯೂಟರ್ ಆದರು. ಆಗ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದ ಜಿಲ್ಲೆ. 1952ರಲ್ಲಿ ಆ ರಾಜ್ಯದಿಂದಲೇ ಕಾಂಗ್ರೆಸ್ಸಿನವರಾಗಿ ರಾಜ್ಯಸಭೆಗೆ ಹೋದರು. 1957ರಲ್ಲಿ ಆ ಸ್ಥಾನ ಬಿಟ್ಟು ಸೀದಾ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿ! ಈಗಾಗಿದ್ದರೆ ಟಿವಿಯವರು ವಾರವಿಡೀ ಕೂಗಾಡುತ್ತಿದ್ದರು. ನಾನೂ ಹುಬ್ಬೇರಿಸುತ್ತಿದ್ದೆನೇನೋ.

1967ರಲ್ಲಿ ಸುಪ್ರೀಂ ಕೋರ್ಟು. 1969ರ ಕ್ರೈಪಾಕ್ ತೀರ್ಪನ್ನು ನನ್ನ ಜೂನಿಯರ್‌ಗಳಿಗೆ ಓದಲು ಹೇಳುತ್ತೇನೆ. ಅರಣ್ಯ ಸೇವೆಗೆ ಅಧಿಕಾರಿಗಳ ಆಯ್ಕೆ. ಆಯ್ಕೆ ಮಂಡಳಿಯಲ್ಲಿ ಕೂತಿದ್ದ ಹಿರಿಯ ಅರಣ್ಯಾಧಿಕಾರಿಯೇ ಒಬ್ಬ ಅಭ್ಯರ್ಥಿ. ತನ್ನ ಹೆಸರು ಬಂದಾಗ ಎದ್ದು ಹೊರಗೆ ಹೋದ, ಪೈಪೋಟಿಗಿದ್ದವರ ಹೆಸರು ಬಂದಾಗ ಒಳಗೇ ಇದ್ದ. ಇದು ಬರೀ ಆಡಳಿತದ ವಿಷಯವೆಂದು ಸರ್ಕಾರ ಜಾರಿಕೊಳ್ಳಲು ನೋಡಿತು. ಹೆಗ್ಡೆ ಒಪ್ಪಲಿಲ್ಲ. ತನ್ನ ವಿಷಯದಲ್ಲಿ ತಾನೇ ತೀರ್ಪುಗಾರನಾಗಬಾರದೆಂಬ ಸಹಜ ನ್ಯಾಯ ಅಲ್ಲಿಗೂ ಅನ್ವಯಿಸುತ್ತದೆಂದು ಬರೆದು ಆ ಆಯ್ಕೆಯನ್ನೇ ರದ್ದು ಮಾಡಿದರು.

ಎಡನೀರು ಮಠದ ಕೇಶವಾನಂದ ಭಾರತಿಗಳ ಮೊಕದ್ದಮೆ ಎಲ್ಲರಿಗೂ ಗೊತ್ತು. ಆ ಮಠವಿರುವ ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು; ಹಾಗಾಗಿ ಅರ್ಜಿದಾರರೂ ಪೀಠದಲ್ಲಿದ್ದ ಹೆಗ್ಡೆಯವರೂ ಒಂದೇ ಸೀಮೆಯವರು. 13 ನ್ಯಾಯಮೂರ್ತಿಗಳು, 68 ದಿನಗಳ ವಿಚಾರಣೆ. 1973ರ ಏಪ್ರಿಲ್ 24ರಂದು 7–6ರ ತೀರ್ಪು: ಸಂವಿಧಾನದ ಮೂಲ ಸ್ವರೂಪಕ್ಕೆ ಸಂಸತ್ತು ಕೈ ಹಾಕುವಂತಿಲ್ಲ. ಹೆಗ್ಡೆ ಆ ಏಳರಲ್ಲಿ ಒಬ್ಬರು. ಮರುದಿನವೇ ಇಂದಿರಾ ಗಾಂಧಿ ಸರ್ಕಾರ ಹಿರಿಯ ನ್ಯಾಯಮೂರ್ತಿಗಳಾದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡುವುದಾಗಿ ಘೋಷಿಸಿತು. ಮೂವರೂ ರಾಜೀನಾಮೆ ಕೊಟ್ಟರು.

1977ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಜನತಾ ಪಕ್ಷ ಗೆದ್ದದ್ದು ಎರಡೇ. ಬೆಂಗಳೂರು ದಕ್ಷಿಣದಿಂದ ಗೆದ್ದವರು ಹೆಗ್ಡೆ. ಜುಲೈನಲ್ಲಿ ಲೋಕಸಭೆಯ ಸ್ಪೀಕರ್ ಆಗಿದ್ದ ಸಂಜೀವ ರೆಡ್ಡಿ ರಾಷ್ಟ್ರಪತಿಯಾದಾಗ ಆ ಸ್ಥಾನ ಇವರಿಗೆ ಬಂತು. 1978ರ ಡಿಸೆಂಬರಿನಲ್ಲಿ, ಚಿಕ್ಕಮಗಳೂರಿನಿಂದ ಆಗಷ್ಟೇ ಗೆದ್ದು ಬಂದಿದ್ದ ಇಂದಿರಾರನ್ನು ಹಕ್ಕುಚ್ಯುತಿಗಾಗಿ ಸದನ ಹೊರಹಾಕಿದ್ದೂ ಇವರು ಸ್ಪೀಕರ್ ಆಗಿದ್ದಾಗಲೇ. ಹೆಗ್ಡೆ ಸೇಡು ತೀರಿಸಿಕೊಂಡರು ಎಂದು ನಮ್ಮ ಬಾರ್ ರೂಮಿನಲ್ಲಿ ಈಗಲೂ ಕೆಲವರು ನಗುತ್ತಾರೆ. ಹಕ್ಕುಬಾಧ್ಯತಾ ಸಮಿತಿಯ ವರದಿ ಬಂದ ಮೇಲೆ ಸದನ ಬಹುಮತದಿಂದ ಮಾಡಿದ ನಿರ್ಣಯ ಅದು. ಎರಡೂ ಕಡೆ ಸಮಸಮ ಮತ ಬೀಳದ ಹೊರತು ಸ್ಪೀಕರ್‌ಗೆ ಮತವೇ ಇಲ್ಲ. ವಕೀಲರಿಗೂ ಇದನ್ನು ಬಿಡಿಸಿ ಹೇಳಬೇಕಾಗಿದೆ.