ಗೋಡೆಯಿಂದ ಹೊರಚಾಚಿದ ತೊಲೆ

ಪಾಳುಗೋಡೆಯಿಂದ ಮರದ ತೊಲೆಯೊಂದು ಹೊರಚಾಚಿದೆ. ತುದಿಯ ಕೊಕ್ಕೆಯಲ್ಲಿ ಭಾರ ತೂಗುತ್ತಿದೆ. ಗೃಹಬಂಧನದಲ್ಲಿದ್ದ ಗೆಲಿಲಿಯೊ 1638ರಲ್ಲಿ ಹೊರತಂದ ಪುಸ್ತಕದ ಈ ಚಿತ್ರದಿಂದಲೇ ತೊಲೆಯ ಲೆಕ್ಕ ಶುರುವಾಯಿತೆನ್ನಬಹುದು.

ಅಗಲ ಇಮ್ಮಡಿಯಾದರೆ ಬಲ ಇಮ್ಮಡಿ, ಎತ್ತರ ಇಮ್ಮಡಿಯಾದರೆ ನಾಲ್ಮಡಿ ಎಂದು ಆತ ಸರಿಯಾಗಿಯೇ ಕಂಡುಕೊಂಡ. ಹಲಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸುವ ಬಡಗಿಗೆ ಇದರ ಸುಳಿವು ಮೊದಲೇ ಇತ್ತು, ಬಿಡಿ. ಆದರೆ ತೊಲೆ ಮುರಿಯುವ ಜಾಗದಲ್ಲಿ ಮೇಲಿನಿಂದ ಕೆಳಗಿನವರೆಗೂ ಒಂದೇ ಸಮನೆ ಎಳೆತವಿರುತ್ತದೆಂದು ಎಣಿಸಿದ್ದರಿಂದ ತೊಲೆಯ ಬಲಕ್ಕೆ ಆತ ಕೊಟ್ಟ ಉತ್ತರ ಮೂರು ಪಟ್ಟು ಹೆಚ್ಚಾಯಿತು. ನಿಜದಲ್ಲಿ ಅಂಥ ತೊಲೆಯ ಮೇಲ್ಭಾಗ ಹಿಗ್ಗುತ್ತದೆ, ಕೆಳಭಾಗ ಕುಗ್ಗುತ್ತದೆ. ನಡುವಿನ ಪದರಕ್ಕೆ ಎರಡೂ ಇಲ್ಲ.

ಫ್ರಾನ್ಸಿನ ಗಣಿತಜ್ಞ ಪಾರಾಂ 1713ರಲ್ಲೇ ಇದನ್ನು ಸರಿಪಡಿಸಿದರೂ ಹೆಚ್ಚು ಜನ ಕಿವಿಗೊಡಲಿಲ್ಲ. 1826ರಲ್ಲಿ ಅದೇ ದೇಶದ ಎಂಜಿನಿಯರ್ ನೇವಿಯೆಯ ಪಾಠಗಳು ಅಚ್ಚಾದ ಮೇಲೆ ಸರಿಯಾದ ಸೂತ್ರ ಎಂಜಿನಿಯರುಗಳ ಬಳಕೆಗೆ ಬಂತು. ಬಾಗುವಿಕೆಯ ಲೆಕ್ಕ ಇನ್ನೂ ನಿಷ್ಠುರ: ಅದೇ ಭಾರಕ್ಕೆ ಉದ್ದ ಇಮ್ಮಡಿಯಾದರೆ ತುದಿ ಎಂಟು ಪಟ್ಟು ಇಳಿಯುತ್ತದೆ.